ಇಸ್ಮಾಯಿಲ ಕಾಕಾರ ಆರು ಪಾಯಿಂಟ್ ಎರಡು

ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಎಲ್ಲರಿಗಿಂತ ಹೆಚ್ಚು ಓದಿದವರು ಯಾರು ಎಂದು ಕೇಳಿದರೆ ನಾನು ಇಸ್ಮಾಯಿಲ ಕಾಕಾರ ಹೆಸರು ಹೇಳುತ್ತೇನೆ. ಪುಸ್ತಕ ಓದಿದ ಮಾತಲ್ಲ, ಬ್ಯುರೆಟ್ ಓದಿದ ಮಾತು. ಖಾನಾಪುರದ ಉರ್ದು ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ಪುಸ್ತಕಕ್ಕೆ ಖುದಾ ಹಾಫಿಜ್ ಹೇಳಿದ ಈ ಮನುಷ್ಯ ಇಪ್ಪತ್ತೇಳು ವರ್ಷಗಳಿಂದ ಬೆಳಗಾವಿಯಲ್ಲಿ ನಮ್ಮ ಲ್ಯಾಬ್ ಅಟೆಂಡರ್. ಬ್ಯುರೆಟ್ ಎಂಬ ಆ ಅಳತೆಗೆರೆಗಳ ಗಾಜಿನ ಕೊಳವೆಯಲ್ಲಿ ದ್ರವ ಎಲ್ಲಿಗೆ ನಿಂತಿದೆ ಎಂಬುದನ್ನು ಹತ್ತು ಹೆಜ್ಜೆ ದೂರದಿಂದ ಹೇಳಬಲ್ಲರು. ನನಗೆ ಹೆಸರಿನ ಮುಂದೆ ಡಾಕ್ಟರೇಟು, ಮೂಗಿನ ಮೇಲೆ ಕನ್ನಡಕ ಎರಡೂ ಇವೆ; ಅನುಮಾನ ಬಂದಾಗ ಅವರನ್ನೇ ಕರೆಯುತ್ತೇನೆ.

ಬೆಳಗಿನ ಪ್ಯಾಸೆಂಜರಿಗೆ ಖಾನಾಪುರದಲ್ಲಿ ಹತ್ತಿ, ದೇಸೂರ ದಾಟುವಷ್ಟರಲ್ಲಿ ಒಂದು ನಿದ್ದೆ ಮುಗಿಸಿ, ಏಳು ಗಂಟೆಗೆ ಲ್ಯಾಬಿನ ಬಾಗಿಲು ತೆಗೆಯುವುದು ಅವರ ರೂಢಿ. ಕಾಸ್ಟಿಕ್ ಸೋಡಾದಲ್ಲಿ ಮುಳುಗಿ ಎದ್ದು ಅವರ ಬೆರಳ ತುದಿಗಳು ಸವೆದು ನುಣುಪಾಗಿವೆ. ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟಿನ ಯಂತ್ರ ಅವರನ್ನು ಗುರುತಿಸುವುದಿಲ್ಲ. "ಸರ್ಕಾರದ ಲೆಕ್ಕದಾಗ ನಾ ಹುಟ್ಟೇ ಇಲ್ರಿ, ಬಾಯಾರ" ಎಂದು ಅವರೇ ನಗುತ್ತಾರೆ. ನಮ್ಮ ಕಡೆ ಹೆಣ್ಣು ಮಾಸ್ತರಿಗೆ ಬಾಯಾರ ಎನ್ನುವುದು ಗೌರವದ ಕರೆ. ಬಾಯಾರ ಅನ್ನಿಸಿಕೊಂಡೂ ಬಾಯಿ ತೆರೆಯದೆ ಕುಳಿತದ್ದು ಹೇಗೆ ಎಂಬುದನ್ನೇ ಮುಂದೆ ಹೇಳಬೇಕಾಗಿದೆ.

ಅದಕ್ಕೆ ಮೊದಲು ಸ್ವಲ್ಪ ಸಾಬೂನು.

ಎಣ್ಣೆಗೂ ಕಾಸ್ಟಿಕ್ ಸೋಡಾಕ್ಕೂ ಮದುವೆಯಾದರೆ ಸಾಬೂನು ಹುಟ್ಟುತ್ತದೆ ಎಂದು ಪಾಠ ಹೇಳುವವರಿದ್ದಾರೆ. ಅದು ಮದುವೆಯಲ್ಲ, ಮನೆ ಒಡೆಯುವ ಕೆಲಸ. ಎಣ್ಣೆಯೊಳಗೆ ಒಂದು ಗ್ಲಿಸರಿನ್ ಇರುತ್ತದೆ, ಅದರ ಕೈ ಹಿಡಿದುಕೊಂಡು ಮೂರು ಕೊಬ್ಬಿನಾಮ್ಲಗಳಿರುತ್ತವೆ. ಒಳ್ಳೆಯ ಕೂಡು ಕುಟುಂಬ. ನಡುವೆ ಕಾಸ್ಟಿಕ್ ಸೋಡಾ ಬಂದು ಗ್ಲಿಸರಿನ್ನನ್ನು ಹೊರಗೆ ಕಳಿಸಿ, ಆ ಮೂರನ್ನೂ ಸೋಡಿಯಂಗೆ ಕಟ್ಟಿಹಾಕುತ್ತದೆ. ಹಾಗೆ ಕಟ್ಟಿದ್ದೇ ಸಾಬೂನು. ನಿಜವಾದ ಎಣ್ಣೆ ಹಾಕಿದರೆ ಲ್ಯಾಬು ಜಿಡ್ಡಾಗುತ್ತದೆ, ಲೆಕ್ಕವೂ ಜಿಡ್ಡಾಗುತ್ತದೆ. ಅದಕ್ಕಾಗಿ ಬಿ.ಎಸ್ಸಿ. ಮಕ್ಕಳಿಗೆ ಎಣ್ಣೆಯ ಬದಲು ಅದೇ ಗೋತ್ರದ ಸಣ್ಣ ಎಸ್ಟರ್ ಒಂದನ್ನು ಕೊಡುತ್ತೇವೆ. ಈಥೈಲ್ ಅಸಿಟೇಟ್ ಎಂದು ಹೆಸರು, ಉಗುರುಬಣ್ಣದ ವಾಸನೆ. ಕಾನ್ವೆಂಟಿನಲ್ಲಿ ನನ್ನನ್ನು ಸಿಸ್ಟರುಗಳು ಆಳಿದರು, ನೌಕರಿಯಲ್ಲಿ ಎಸ್ಟರುಗಳು ಆಳುತ್ತಿವೆ. ಬಿಸಿಯೇರಿದಾಗ ಹತ್ತಿರ ಹೋಗಬಾರದು ಎಂಬ ನಿಯಮ ಇಬ್ಬರಿಗೂ ಒಂದೇ.

ಈ ಪ್ರಯೋಗದಲ್ಲಿ ಸಾಬೂನು ಬೇಕಿಲ್ಲ, ಅದಾಗುವ ವೇಗ ಬೇಕು. ಎಸ್ಟರನ್ನೂ ಸೋಡಾವನ್ನೂ ಕೂಡಿಸಿದ ಗಳಿಗೆಯಲ್ಲಿ ಎರಡೂ ತುಂಬಿ ತುಳುಕುತ್ತಿರುತ್ತವೆ, ಹಬ್ಬದ ಹಿಂದಿನ ದಿನದ ಬಜಾರಿನಂತೆ. ಡಿಕ್ಕಿಯೂ ಹೆಚ್ಚು, ವ್ಯವಹಾರವೂ ಹೆಚ್ಚು. ಹೊತ್ತು ಹೋದಂತೆ ಗಿರಾಕಿಗಳೂ ಕಡಿಮೆ, ಅಂಗಡಿಗಳೂ ಕಡಿಮೆ. ಎರಡೂ ಅರ್ಧವಾದರೆ ವೇಗ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಎರಡನ್ನೂ ನೆಚ್ಚಿಕೊಂಡ ಕಾರಣ ಇದಕ್ಕೆ ಸೆಕೆಂಡ್ ಆರ್ಡರ್ ಎನ್ನುತ್ತಾರೆ. ಹೋಟೆಲಿನಲ್ಲಿಯೂ ಸೆಕೆಂಡ್ ಆರ್ಡರ್ ಬರುವುದು ನಿಧಾನವೇ. ಈ ಏರಿಳಿತದ ನಡುವೆ ಒಂದು ಸಂಖ್ಯೆ ಮಾತ್ರ ಕದಲದೆ ಕೂತಿರುತ್ತದೆ. ಅದರ ಹೆಸರು ಕೆ. ದ್ರಾವಣ ಗಟ್ಟಿಯಿರಲಿ, ತೆಳ್ಳಗಿರಲಿ, ಕೆ ಅಷ್ಟೇ. ಅದು ಬಗ್ಗುವುದು ಸೆಖೆಗೆ ಮಾತ್ರ. ಹತ್ತು ಡಿಗ್ರಿ ಏರಿದರೆ ಹತ್ತಿರಹತ್ತಿರ ಎರಡು ಪಟ್ಟಾಗಿಬಿಡುತ್ತದೆ.

ಈ ಕೆ ಹಿಡಿಯಲು ಮಕ್ಕಳು ಕೆಲವು ನಿಮಿಷಗಳಿಗೊಮ್ಮೆ ಮಿಶ್ರಣದಿಂದ ಒಂದಿಷ್ಟು ಎತ್ತಿ, ಐಸಿನಲ್ಲಿಟ್ಟ ಆಮ್ಲಕ್ಕೆ ಸುರಿಯಬೇಕು. ಕ್ರಿಯೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಬ್ಯುರೆಟ್ಟಿನಿಂದ ಹನಿ ಹನಿ ಸೋಡಾ ಬಿಟ್ಟು, ತಿಳಿಗುಲಾಬಿ ಬಣ್ಣ ಬಂದ ಕೂಡಲೇ ನಿಲ್ಲಿಸಿ, ಎಷ್ಟು ಹಿಡಿಯಿತು ಎಂದು ಬರೆದುಕೊಳ್ಳಬೇಕು. ಕ್ರಿಯೆ ಮುಂದುವರಿದಷ್ಟೂ ಮಿಶ್ರಣದ ಸೋಡಾ ಖರ್ಚಾಗಿ ಆಮ್ಲ ಹೆಚ್ಚು ಉಳಿಯುತ್ತದೆ, ಬ್ಯುರೆಟ್ ಹೆಚ್ಚು ಹೆಚ್ಚು ಇಳಿಯುತ್ತದೆ. ಕೆಲಸ ಕಷ್ಟದ್ದಲ್ಲ, ಆದರೆ ಪರೀಕ್ಷೆಯಲ್ಲಿ ಕೈ ನಡುಗುತ್ತದೆ. ಅಲ್ಲಿ ಕಾಕಾ ಬರುತ್ತಾರೆ.

ಪರೀಕ್ಷೆಯ ದಿನ ಬೆಳಿಗ್ಗೆ ದ್ರಾವಣ ತಯಾರಿಸಿ, ತಾವೇ ಒಮ್ಮೆ ಪ್ರಯೋಗ ಮಾಡಿ ನೋಡುವುದು ಅವರ ಪದ್ಧತಿ. ದ್ರಾವಣ ಸರಿಯಾಗಿದೆಯೋ ಇಲ್ಲವೋ ತಿಳಿಯಬೇಕಲ್ಲ. ಆ ಸಂಖ್ಯೆಗಳು ಹಿಂದಿನ ಮೆಟ್ಟಿಲ ಹತ್ತಿರ ಮಕ್ಕಳ ಕಿವಿಗೆ ಬೀಳುತ್ತವೆ. ಇದು ಯಾವ ವರ್ಷ ಶುರುವಾಯಿತೋ ನಮಗೆ ಯಾರಿಗೂ ನೆನಪಿಲ್ಲ. ಒಂದು ಸಲ ಬ್ಯುರೆಟ್ ಒಡೆದುಕೊಂಡು ಅಳುತ್ತಿದ್ದ ಹುಡುಗಿಗೆ ಹೇಳಿದರಂತೆ, ಮರುವರ್ಷ ಅವಳ ತಮ್ಮ ಬಂದನಂತೆ. ಇದಕ್ಕಾಗಿ ಯಾರ ಕೈಯಿಂದಲೂ ಒಂದು ಕಪ್ ಚಹಾ ಸಹ ಕುಡಿದವರಲ್ಲ. "ಮಕ್ಕಳು ಬಾಳ ಅಂಜತಾವ್ರಿ" ಎನ್ನುವುದೊಂದೇ ಅವರ ಸಮರ್ಥನೆ. ವಿಭಾಗದ ನಮಗೆಲ್ಲ ಗೊತ್ತಿತ್ತು. ಬ್ಯುರೆಟ್ಟಿನಲ್ಲಿ ಕಂಡದ್ದಕ್ಕಿಂತ ಬರೆದಿಟ್ಟದ್ದೇ ಅಚ್ಚುಕಟ್ಟಾಗಿದ್ದರೆ ನಾವು ಸಂತೋಷದಿಂದ ಅಂಕ ಕೊಡುತ್ತಿದ್ದೆವು. ನಮ್ಮ ವಿಭಾಗದ ಫಲಿತಾಂಶ ಪ್ರತಿ ವರ್ಷ ನೂರಕ್ಕೆ ನೂರು.

ಈ ವರ್ಷ ಅಂತಿಮ ಬಿ.ಎಸ್ಸಿ.ಯಲ್ಲಿ ಕಾಕಾರ ಮಗಳು ಸಿಮ್ರನ ಇದ್ದಳು.

ಸಿಮ್ರನಗೆ ಎಂ.ಎಸ್ಸಿ. ಮಾಡಬೇಕಿತ್ತು. ಅವರ ಮನೆಯಲ್ಲಿ ಅಷ್ಟು ದೂರ ಓದಿದವರು ಯಾರೂ ಇಲ್ಲ. ಅವಳು ಸೇರಬೇಕೆಂದಿದ್ದ ಕಡೆ ಪ್ರಾಯೋಗಿಕ ಪರೀಕ್ಷೆಯ ನಲವತ್ತರಲ್ಲಿ ಇಪ್ಪತ್ತಾದರೂ ಇರಲೇಬೇಕೆಂಬ ನಿಯಮ. ಬರವಣಿಗೆಯ ಪರೀಕ್ಷೆಯಲ್ಲಿ ಅವಳು ಮುಂದಿದ್ದಳು. ಲ್ಯಾಬಿನಲ್ಲಿ ಇನ್ನೂ ಮುಂದೆ. ಆದರೆ ಲ್ಯಾಬಿನಲ್ಲಿ ಅವಳು ಏನು ಮಾಡಿದರೂ ಅದು ಅಪ್ಪನ ಲೆಕ್ಕಕ್ಕೆ ಹೋಗುತ್ತಿತ್ತು. ತರಗತಿಯ ಜಾಣ ಅಮರ ಅವಳ ಎದುರೇ ಅನ್ನುತ್ತಿದ್ದ: "ನಿನಗೇನ ಬಿಡವಾ, ನಿಮ್ಮ ಮನ್ಯಾಗ ಮುಂಜಾನೆ ಚಾದ ಜೋಡಿ ಕೆ-ನೂ ಸೋಸಿ ಕೊಡತಾರ."

ಪರೀಕ್ಷೆಯ ಬೆಳಿಗ್ಗೆ ತಂದೆ ಮಗಳು ಒಂದೇ ರೈಲಿಗೆ ಬಂದರು. ದಾರಿಯಲ್ಲಿ ಅವಳು ಹೇಳಿದಳಂತೆ, "ಅಬ್ಬಾ, ನನಗ ಒಂದು ನಂಬರೂ ಹೇಳಬ್ಯಾಡ್ರಿ. ಹೇಳಿದ್ರ ನಾ ಪೇಪರ್ ಖಾಲಿ ಇಟ್ಟು ಎದ್ದು ಬರತೀನಿ." ಕಾಕಾ ಒಳಗೆ ಬ್ಯುರೆಟ್ ಹಿಡಿದು ನಿಂತಾಗ ಅವಳು ಹೊರಗಿನ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ, ದುಪಟ್ಟಾ ಕಿವಿಗೆ ಸುತ್ತಿಕೊಂಡು ಕುಳಿತಿದ್ದಳು. ನಾನು ಏಳೂವರೆಗೆ ಹಿಂದವಾಡಿಯಿಂದ ಸ್ಕೂಟರಿನಲ್ಲಿ ಬಂದಾಗ ಕಂಡದ್ದು ಅದು. ಹಲ್ಲುನೋವೇ ಎಂದು ಕೇಳಿದೆ. "ಇಲ್ರಿ ಮ್ಯಾಡಂ, ಕಿವಿ ಉಪಾಸ" ಎಂದಳು.

ಮಗಳು ಬ್ಯಾಚಿನಲ್ಲಿದ್ದುದರಿಂದ ಪ್ರಿನ್ಸಿಪಾಲರು ಒಂದು ಹುಕುಂ ಹೊರಡಿಸಿದ್ದರು: ಇಸ್ಮಾಯಿಲ ದ್ರಾವಣ ತಯಾರಿಸಬಹುದು, ಪರೀಕ್ಷೆಯ ಹೊತ್ತಿನಲ್ಲಿ ಒಳಗೆ ಕಾಲಿಡುವಂತಿಲ್ಲ, ಸ್ಟೋರ್ ರೂಮಿನಲ್ಲಿ ಇರತಕ್ಕದ್ದು. ಸ್ಟೋರ್ ರೂಮಿಗೂ ಲ್ಯಾಬಿಗೂ ನಡುವೆ ಸಾಮಾನು ಕೊಡುವ ಒಂದು ಕಿಟಕಿ ಇದೆ. ಆ ಕಿಟಕಿಯೇ ಅವರ ಪಾಲಿಗೆ ಬಂತು.

ಪ್ರತಿ ಸಲ ಈ ಪರೀಕ್ಷೆ ಬೆಳಿಗ್ಗೆ ಎಂಟಕ್ಕೆ ನಡೆಯುತ್ತಿತ್ತು. ಈ ಸಲ ಕಟ್ಟಡವನ್ನು ಬೆಳಿಗ್ಗೆ ಬೇರೆ ಯಾವುದೋ ಪರೀಕ್ಷೆಗೆ ಕೊಟ್ಟದ್ದರಿಂದ ನಮ್ಮದು ಮಧ್ಯಾಹ್ನ ಒಂದಕ್ಕೆ ಬಿತ್ತು. ತಿಂಗಳು ಏಪ್ರಿಲ್, ಮೇಲೆ ತಗಡಿನ ಸೂರು. ದ್ರಾವಣವನ್ನು ಒಂದೇ ಬಿಸಿಯಲ್ಲಿ ಹಿಡಿದಿಡಲು ನೀರಿನ ತೊಟ್ಟಿಯ ಯಂತ್ರ ಒಂದಿತ್ತು. ಅದು ಕೆಟ್ಟು ಎರಡು ವರ್ಷವಾಗಿ, ಈಗ ಅದರಲ್ಲಿ ಹಳೆಯ ಉತ್ತರಪತ್ರಿಕೆಗಳಿವೆ. ಬೆಳಗಿನ ಏಳಕ್ಕೆ ಕಾಕಾ ಪ್ರಯೋಗ ಮಾಡಿದಾಗ ಥರ್ಮಾಮೀಟರ್ ಇಪ್ಪತ್ನಾಲ್ಕು ತೋರಿಸಿತ್ತು, ಕೆ ಆರು ಪಾಯಿಂಟ್ ಎರಡು ಬಂದಿತ್ತು. ಹನ್ನೆರಡಕ್ಕೆ ಹಿಂದಿನ ಮೆಟ್ಟಿಲ ಹತ್ತಿರ ಹನ್ನೊಂದು ಮಕ್ಕಳು ಅದನ್ನು ಪಡೆದುಕೊಂಡರು. ಓದುವಿಕೆಗಳನ್ನೂ, ಕೆ-ಯನ್ನೂ, ಕೊನೆಗೆ ಥರ್ಮಾಮೀಟರಿನ ಅಂಕಿಯನ್ನೂ. ಇಷ್ಟು ವರ್ಷ ಬೆಳಗಿನ ಸಂಖ್ಯೆಯನ್ನು ಬೆಳಿಗ್ಗೆಯೇ ಕೊಟ್ಟು ರೂಢಿಯಾದ ಮನುಷ್ಯ. ನಡುವೆ ಸೂರ್ಯ ಎಂಬವನೊಬ್ಬ ಮೇಲೇರುತ್ತಾನೆ ಎಂಬುದು ಅವರಿಗೂ ಹೊಳೆಯಲಿಲ್ಲ, ಎಲ್ಲ ಗೊತ್ತಿದ್ದ ನನಗೂ ಹೊಳೆಯಲಿಲ್ಲ.

ಒಂದಕ್ಕೆ ಹನ್ನೆರಡು ಮಕ್ಕಳು ಕೆಲಸ ಶುರು ಮಾಡಿದರು. ಹನ್ನೊಂದು ಮಕ್ಕಳು ನಿಶ್ಚಿಂತೆಯಿಂದ ಬ್ಯುರೆಟ್ ತಿರುಗಿಸುತ್ತ, ಬೇಕಾದ ಅಂಕಿಯ ಹತ್ತಿರ ಬಂದಾಗ ಗುಲಾಬಿ ಬಣ್ಣಕ್ಕೆ ಕಾಯದೆ ನಿಲ್ಲಿಸುತ್ತ ಇದ್ದರು. ಸಿಮ್ರನ ಮಾತ್ರ ಬಾಣಂತಿಯ ಮಗುವನ್ನು ನೋಡುವವರಂತೆ ಫ್ಲಾಸ್ಕಿನ ಮೇಲೆ ಬಗ್ಗಿ ನಿಂತಿದ್ದಳು. ಎರಡನೆಯ ಓದಿನ ಹೊತ್ತಿಗೆ ಕಿಟಕಿಯಿಂದ ಕಾಕಾರ ಕೈ ಹೊರಬಂದು ನನ್ನನ್ನು ಕರೆಯಿತು.

"ಬಾಯಾರ, ಆಕಿದು ಬಾಳ ಇಳದೈತ್ರಿ. ಮುಂಜಾನೆ ಇಷ್ಟಾಗೂದಕ್ಕ ಹದಿಮೂರು ನಿಮಿಷ ಹಿಡದಿತ್ತು. ಈಗ ಏಳು ನಿಮಿಷಕ್ಕ ಅರ್ಧಾ ಖರ್ಚಾಗೇತಿ."

"ತಪ್ಪು ಮಾಡಿರಬೇಕು, ಹೆದರ್ಯಾಳ" ಎಂದೆ.

"ಆಕಿ ತಪ್ಪು ಮಾಡಾಂಗಿಲ್ರಿ. ನಾ ಕಲಿಸೀನಿ." ಹಾಗೆಂದವರು ತಮ್ಮ ಬದಿಗಿದ್ದ ದ್ರಾವಣದ ದೊಡ್ಡ ಬಾಟಲಿಯ ಮೇಲೆ ಕೈ ಇಟ್ಟರು. ಇಟ್ಟ ಕೈಯನ್ನು ಹಾಗೇ ಬಿಟ್ಟರು. ಜ್ವರ ಬಂದ ಹಣೆಯ ಮೇಲೆ ಇಟ್ಟಂತೆ ಕಾಣಿಸಿತು.

"ಬಿಸಿ ಐತ್ರಿ, ಬಾಯಾರ" ಎಂದರು, ಬಹಳ ಸಣ್ಣ ದನಿಯಲ್ಲಿ.

ನಾನು ಹೋಗಿ ಥರ್ಮಾಮೀಟರ್ ನೋಡಿದೆ. ಮೂವತ್ನಾಲ್ಕು. ಹತ್ತು ಡಿಗ್ರಿಗೆ ದುಪ್ಪಟ್ಟು ಎಂದು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬರೆದು, ಮಕ್ಕಳು ಬರೆದುಕೊಂಡರೋ ಇಲ್ಲವೋ ಎಂದು ನೋಡಿ, ಒರೆಸುತ್ತ ಬಂದವಳು ನಾನು. ಅದು ನಿಜವಾಗಿಯೂ ಆಗುತ್ತದೆ ಎಂದು ಅಂದು ಕಂಡೆ. ಹನ್ನೊಂದು ಮಕ್ಕಳ ಹಾಳೆಯ ತಲೆಯ ಮೇಲೆ, ಹಣೆಯ ಬೆವರು ಬಿದ್ದು ಶಾಯಿ ಹರಡಿದ ಜಾಗದಲ್ಲಿ, ಉಷ್ಣತೆ ಇಪ್ಪತ್ನಾಲ್ಕು ಡಿಗ್ರಿ ಎಂದಿತ್ತು.

ಹೊರಗಿನಿಂದ ಬಂದ ಪರೀಕ್ಷಕರು ಲಕ್ಷ್ಮಪ್ಪ ಸರ್. ಬಾಗಲಕೋಟೆ ಕಡೆಯವರು, ದೊಡ್ಡ ದೇಹ, ಅದಕ್ಕಿಂತ ದೊಡ್ಡ ಮನಸ್ಸು, ಕಾಲರಿನೊಳಗೆ ಕರವಸ್ತ್ರ. ಅವರು ಬಂದದ್ದು ಎರಡೂವರೆಗೆ. ಪದ್ಧತಿಯ ಪ್ರಕಾರ ನಾವೇ ಊಟಕ್ಕೆ ಕೂರಿಸಿದ್ದೆವು. ನಾಲ್ಕೂವರೆಗೆ ಹಾಳೆಗಳನ್ನು ಮುಂದಿಟ್ಟುಕೊಂಡು ಎಣಿಸಿದರು. ಆರು ಪಾಯಿಂಟ್ ಎರಡು. ಆರು ಪಾಯಿಂಟ್ ಎರಡು. ಆರು ಪಾಯಿಂಟ್ ಒಂದು. ಅದು ಅಮರನದು, ಜಾಣರು ಹೀಗೆ ಸ್ವಲ್ಪ ಬದಲಿಸಿಕೊಳ್ಳುತ್ತಾರೆ. ಮತ್ತೆ ಆರು ಪಾಯಿಂಟ್ ಎರಡು. ಕೊನೆಯಲ್ಲಿ ಸಿಮ್ರನಳ ಹಾಳೆ ಬಂತು: ಹನ್ನೊಂದೂವರೆ.

"ಇದೇನವಾ ತಂಗಿ," ಎಂದರು ಲಕ್ಷ್ಮಪ್ಪ ಸರ್, "ಎಲ್ಲಾರ ರೈಲು ಪ್ಯಾಸೆಂಜರ, ನಿನ್ನದೊಂದ ಎಕ್ಸ್‌ಪ್ರೆಸ್?"

"ಎರಡ ಸಲ ಮಾಡೇನ್ರಿ ಸರ. ಎರಡೂ ಸಲ ಅಷ್ಟ ಬಂತ್ರಿ."

"ಎರಡ ಸಲ ತಪ್ಪಿದ್ರ ಅದು ಸರಿ ಆಗತೈತೇನು? ಇಲ್ಲಿ ನೋಡು, ಹನ್ನೊಂದು ಮಂದಿಗೆ ಒಂದ ಬಂದೈತಿ. ಒಂದ ಬಾಟ್ಲಿ, ಒಂದ ಲ್ಯಾಬು. ಒಬ್ಬಾಕಿ ಖರೇ, ಹನ್ನೊಂದು ಮಂದಿ ಸುಳ್ಳ ಆಗಾಕ ಬರತೈತಿ?"

ಸಿಮ್ರನ ತಲೆ ಎತ್ತಿ ಹನ್ನೊಂದು ಮಂದಿಯನ್ನು ನೋಡಿದಳು. ಅಮರ ತನ್ನ ಚಪ್ಪಲಿಯ ಪಟ್ಟಿಯಲ್ಲಿ ಏನೋ ಹುಡುಕುತ್ತಿದ್ದ. ಅವಳಿಗೆ ಎಲ್ಲ ಗೊತ್ತಿತ್ತು. ಬಾಯಿ ತೆರೆದರೆ ಹನ್ನೊಂದು ಮಂದಿಯ ಪರೀಕ್ಷೆ ರದ್ದು, ಕಿಟಕಿಯ ಆಚೆ ನಿಂತ ಅಪ್ಪನ ನೌಕರಿ ರದ್ದು. ನಿವೃತ್ತಿಗೆ ಎರಡು ವರ್ಷ ಉಳಿದ ನೌಕರಿ. ಅವಳು ಇಷ್ಟೇ ಹೇಳಿದಳು: "ನನಗ ಬಂದದ್ದು ಇಷ್ಟರಿ, ಸರ."

ಲಕ್ಷ್ಮಪ್ಪ ಸರ್, ಹೇಳಿದೆನಲ್ಲ, ಒಳ್ಳೆಯ ಮನುಷ್ಯ. ದನಿ ತಗ್ಗಿಸಿದರು. "ನಾ ಹತ್ತು ನಿಮಿಷ ಹೊರಗ ಹೋಗಿ ಬರತೀನಿ. ಅಷ್ಟರಾಗ ಎಲ್ಲೆ ತಪ್ಪೈತಿ ನೋಡಿ ತಿದ್ದಿಡು. ನಾ ಏನೂ ನೋಡಿಲ್ಲ."

"ಯಾವುದನ್ನ ತಿದ್ದಬೇಕ್ರಿ, ಸರ?"

"ಎಲ್ಲಾ ರೀಡಿಂಗೂ."

"ಎಲ್ಲಾ ತಿದ್ದಿದ್ರ ಅದು ನನ್ನ ಪ್ರಯೋಗ ಹೆಂಗ ಆಕ್ಕೈತ್ರಿ?"

ಅವರು ಹೊರಗೆ ಹೋಗಿ ಬಂದರು. ಹಾಳೆ ಹಾಗೆಯೇ ಇತ್ತು. ಮಕ್ಕಳನ್ನು ಕಳಿಸಿ ಅಂಕ ಹಾಕಲು ಕುಳಿತಾಗ ಸ್ಟೋರ್ ರೂಮಿನ ಬಾಗಿಲು ತೆರೆಯಿತು. ಒಳಗೆ ಬರಬಾರದೆಂಬ ಹುಕುಂ ಇದ್ದ ಮನುಷ್ಯ ಒಳಗೆ ಬಂದರು. ಕೈಯಲ್ಲಿ ಥರ್ಮಾಮೀಟರ್ ಇತ್ತು.

"ಸರ, ಆ ಹನ್ನೊಂದು ಮಂದಿದು ನಂದ್ರಿ" ಎಂದರು ಕಾಕಾ. "ಮುಂಜಾನೆ ತಂಪಿನಾಗ ನಾ ಮಾಡಿ ನಾನ ಹೇಳಿ ಕೊಟ್ಟೀನಿ. ನನ್ನ ಮಗಳದೊಂದ ಖರೇ ಐತಿ. ಇದನ ನೋಡ್ರಿ, ಮೂವತ್ನಾಲ್ಕ ಐತಿ."

ಕಾನ್ವೆಂಟಿನ ಚರ್ಚಿನಲ್ಲಿ ಪಾಪ ಹೇಳಿಕೊಳ್ಳುವ ಪೆಟ್ಟಿಗೆ ಇತ್ತು. ಅದರಲ್ಲಿ ಹೇಳುವವರ ಮುಖ ಕೇಳುವವರಿಗೆ ಕಾಣುವುದಿಲ್ಲ. ಇಲ್ಲಿ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಸ್ವಚ್ಛ ಕಾಣುತ್ತಿತ್ತು. ಇಪ್ಪತ್ತೇಳು ವರ್ಷದ ನೌಕರಿಯನ್ನು ಮೇಜಿನ ಮೇಲಿಟ್ಟು ಮನುಷ್ಯ ನಿಂತಿದ್ದಾರೆ.

ಲಕ್ಷ್ಮಪ್ಪ ಸರ್ ಎದ್ದು ಬಂದು ಅವರ ಹೆಗಲ ಮೇಲೆ ಕೈ ಹಾಕಿದರು. ಸರ್ ಅವರ ಕಣ್ಣುಗಳು ತೇವವಾಗಿದ್ದವು.

"ಕುಂದರ್ರಿ ಇಸ್ಮಾಯಿಲ ಅವರ, ಕುಂದರ್ರಿ. ನನಗೂ ಒಬ್ಬಾಕಿ ಮಗಳದಾಳ. ತಂದಿ ಅಂದ್ರ ಹಿಂಗ ಇರಬೇಕು ನೋಡ್ರಿ. ಮಗಳ ಸಂಬಂಧ ತನ್ನ ನೌಕರೀನ ಪಣಕ್ಕ ಹಚ್ಚಿ ಸುಳ್ಳ ಹೇಳಾಕ ಬಂದೀರಿ."

"ಸುಳ್ಳಲ್ರಿ, ಸರ!"

"ಆತು, ಸುಳ್ಳಲ್ಲ. ಬಿಸಲಾಗ ಹೊತ್ತು ಕಳದಂಗ ಥರ್ಮಾಮೀಟರ್ ಏರೇ ಏರತೈತಿ, ಅದೇನ ದೊಡ್ಡ ಮಾತು? ಮೂವತ್ನಾಲ್ಕ ಅಂತ ನಿಮ್ಮ ಮಗಳೊಬ್ಬಾಕಿ ಬರದಾಳ, ಪ್ರಯೋಗ ಮಾಡುಮುಂದ ಇಪ್ಪತ್ನಾಲ್ಕ ಇತ್ತಂತ ಹನ್ನೊಂದು ಮಂದಿ ಬರದಾರ."

"ಅದನೂ ನಾನ ಹೇಳೇನ್ರಿ! ಬೇಕಾದ್ರ ಈಗ ನಿಮ್ಮ ಮುಂದ ಮತ್ತೊಮ್ಮೆ ಮಾಡಿ ತೋರಸ್ತೀನಿ, ಬರೇ ಮುಕ್ಕಾಲು ತಾಸು."

"ಚಾ ತರಸ್ರಿ ಇವರಿಗೆ" ಎಂದು ಲಕ್ಷ್ಮಪ್ಪ ಸರ್ ನನಗೆ ಹೇಳಿದರು. "ನಾ ಏನೂ ಕೇಳಿಲ್ಲ. ನೀವೂ ಏನೂ ಕೇಳಿಲ್ಲ. ಹೌದಲ್ರಿ, ಮ್ಯಾಡಂ?"

ಇಸ್ಮಾಯಿಲ ಕಾಕಾ ನನ್ನ ಕಡೆ ತಿರುಗಿದರು. ಒಂದು ಮಾತು ಸಾಕಾಗಿತ್ತು. ನಾನು ಒಳಗಿನ ಪರೀಕ್ಷಕಿ, ಒಂದಕ್ಕೆ ಅಲ್ಲಿಯೇ ಇದ್ದವಳು, ಥರ್ಮಾಮೀಟರ್ ನೋಡಿದವಳು. ಆ ಒಂದು ಮಾತಿನ ಹಿಂದೆ ಬರುವ ಮಾತುಗಳೂ ನನಗೆ ಕಂಡವು: ನಿಮಗೆ ಎಷ್ಟು ವರ್ಷದಿಂದ ಗೊತ್ತಿತ್ತು, ಯಾರು ಯಾರಿಗೆ ಗೊತ್ತಿತ್ತು, ವಿಭಾಗದ ನೂರಕ್ಕೆ ನೂರು ಎಲ್ಲಿಂದ ಬಂತು. "ಚಹಾ ತರಿಸ್ತೀನಿ" ಎಂದೆ.

ಅಂಕಗಳನ್ನು ಅದೇ ದಿನ ವಿಶ್ವವಿದ್ಯಾಲಯದ ಪೋರ್ಟಲಿಗೆ ಏರಿಸಬೇಕು. ಏರಿಸಿದ ಮೇಲೆ ತಿದ್ದಲು ಬರುವುದಿಲ್ಲ. ಸಿಮ್ರನಗೆ ಫಲಿತಾಂಶಕ್ಕೆ ಸೊನ್ನೆ ಹಾಕಿ, ಅಂದವಾದ ಅಕ್ಷರಕ್ಕೂ ತಂದೆಯ ಪ್ರೀತಿಗೂ ಸೇರಿಸಿ ಹದಿನಾರು ಕೊಟ್ಟರು. "ಫೇಲ್ ಮಾಡೂದಿಲ್ಲ, ಪಾಪ" ಎಂದರು. ನಲವತ್ತಕ್ಕೆ ಹದಿನಾರು ಪಾಸು, ಎಂ.ಎಸ್ಸಿ.ಗೆ ನಾಲ್ಕು ಕಡಿಮೆ. ಪೋರ್ಟಲ್ ಒಳಗಿನ ಪರೀಕ್ಷಕರ ಒಪ್ಪಿಗೆ ಕೇಳಿತು. ನನ್ನ ಮೊಬೈಲಿಗೆ ಆರು ಅಂಕಿಯ ಓಟಿಪಿ ಬಂತು. ಒಂದೊಂದೇ ಅಂಕಿ ಓದಿ ಹೇಳಿದೆ. ಅಷ್ಟು ಸ್ಪಷ್ಟವಾಗಿ ನಾನು ಪಾಠವನ್ನೂ ಹೇಳಿದವಳಲ್ಲ.

ಸಂಜೆಯ ರೈಲಿನಲ್ಲಿ ತಂದೆ ಮಗಳು ಎದುರುಬದುರು ಕುಳಿತರಂತೆ. ದೇಸೂರ ದಾಟಿದ ಮೇಲೆ ಅವಳೇ ಕೇಳಿದಳಂತೆ: "ಅಬ್ಬಾ, ಈಗ ಹೇಳ್ರಿ. ಮುಂಜಾನೆ ನಿಮಗ ಎಷ್ಟ ಬಂದಿತ್ತು?" ಹೇಳಿದರು. ಉಷ್ಣತೆ ಕೇಳಿದಳು, ಅದನ್ನೂ ಹೇಳಿದರು. ಅವಳು ಚೀಲದಿಂದ ಹಾಳೆ ತೆಗೆದು, ಅಪ್ಪನ ಇಪ್ಪತ್ನಾಲ್ಕು ಡಿಗ್ರಿಯ ಸಂಖ್ಯೆಯನ್ನೂ ತನ್ನ ಮೂವತ್ನಾಲ್ಕರ ಸಂಖ್ಯೆಯನ್ನೂ ಪಕ್ಕಪಕ್ಕ ಬರೆದು ಲೆಕ್ಕ ಹಾಕಿದಳು. ಎರಡು ಬೇರೆ ಬಿಸಿಯಲ್ಲಿ ಕೆ ಗೊತ್ತಿದ್ದರೆ, ಆ ಕ್ರಿಯೆ ನಡೆಯಲು ಅಣುಗಳು ಎಷ್ಟು ಎತ್ತರದ ದಿಬ್ಬ ಹತ್ತಿ ಇಳಿಯಬೇಕು ಎಂಬುದನ್ನು ಕಂಡುಹಿಡಿಯಬಹುದು. ನಲವತ್ತಾರು ಪಾಯಿಂಟ್ ಒಂಬತ್ತು ಕಿಲೋಜೂಲ್ ಬಂತು. ಪುಸ್ತಕದಲ್ಲಿ ನಲವತ್ತೇಳರ ಆಸುಪಾಸು ಇದೆ.

ಮರುದಿನ ಬೆಳಿಗ್ಗೆ ಕಾಕಾ ಆ ಹಾಳೆಯನ್ನು ನನ್ನ ಮುಂದಿಟ್ಟರು. ಅಪ್ಪ ಮಗಳಲ್ಲಿ ಯಾರೊಬ್ಬರು ಸುಳ್ಳು ಬರೆದಿದ್ದರೂ ಈ ಉತ್ತರ ಬರುವ ಹಾಗಿಲ್ಲ. ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಎರಡು ಪ್ರಾಮಾಣಿಕ ಸಂಖ್ಯೆಗಳು ಒಂದು ಹಾಳೆಯ ಮೇಲೆ ಭೇಟಿಯಾದದ್ದನ್ನು ಅಂದೇ ನೋಡಿದೆ.

"ಇದಕ್ಕ ಮಾರ್ಕ್ಸ ಕೊಡಾಕ ಬರತೈತೇನ್ರಿ, ಬಾಯಾರ?"

ಅಂದು ಎರಡನೆಯ ಬ್ಯಾಚಿನ ಪರೀಕ್ಷೆ, ಅದೇ ಪ್ರಯೋಗ, ಅದೇ ಒಂದು ಗಂಟೆ, ಅದೇ ಲಕ್ಷ್ಮಪ್ಪ ಸರ್. ಇಬ್ಬರೂ ಹಾಳೆ ಹಿಡಿದು ಅವರ ಬಳಿ ಹೋದೆವು. ಈ ಸಲ ನಾನು ಬಾಯಿ ತೆರೆದೆ. ಸ್ವಲ್ಪವೇ ತೆರೆದೆ. ಅವರು ಹಾಳೆಯನ್ನು ಎರಡು ಸಲ ಓದಿದರು. ಮೇಷ್ಟರೇ ಅಲ್ಲವೆ, ಅರ್ಥವಾಯಿತು. ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

"ಛಲೋ ಮಾಡ್ಯಾಳ ಹುಡುಗಿ" ಎಂದರು. "ಭಾಳ ಛಲೋ. ಆದ್ರ ನಿನ್ನಿದು ಪೋರ್ಟಲಿಗೆ ಹೋಗೈತಿ, ನಾವಿಬ್ಬರೂ ಒಪ್ಪೀವಿ. ಇವತ್ತಿನ ಬ್ಯಾಚಿನಾಗ ಬ್ಯಾರೆ ಬಂತಂದ್ರ, ಒಂದ ಕಾಲೇಜು ಎರಡ ಕೆ ಯಾಕಂತ ಮ್ಯಾಲಿನವರು ಕೇಳತಾರ. ತನಿಖೆ ಬರತೈತಿ. ಇಪ್ಪತ್ನಾಲ್ಕೂ ಮಕ್ಕಳ ಪರೀಕ್ಷಾ ಹೋಗತೈತಿ, ಆ ಹುಡುಗಿದೂ ಹೋಗತೈತಿ." ಹಾಳೆಯನ್ನು ನಾಲ್ಕಾಗಿ ಮಡಚಿ ಕಾಕಾರ ಕೈಗೆ ಕೊಟ್ಟರು. "ನಿನ್ನೆ ಬಂದದ್ದ ಇವತ್ತೂ ಬಂದ್ರ ಎಲ್ಲಾರಿಗೂ ಛಲೋ, ಇಸ್ಮಾಯಿಲ ಅವರ."

ಅಂದು ಕಾಕಾ ಬೆಳಗಿನ ಪ್ರಯೋಗ ಮಾಡಿರಲಿಲ್ಲ. ಇನ್ನು ಮುಂದೆ ಮಾಡುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ರೈಲಿನಲ್ಲಿ ಮಗಳ ಮುಂದೆ ಆಣೆ ಮಾಡಿ ಬಂದಿದ್ದರು. ಮಧ್ಯಾಹ್ನ ಹಿಂದಿನ ಮೆಟ್ಟಿಲ ಹತ್ತಿರ ಹನ್ನೆರಡು ಮಕ್ಕಳು ಕಾಯುತ್ತಿದ್ದರು.

"ಇವತ್ತ ನಂಬರ್ ಇಲ್ರಪಾ. ನೀವ ಮಾಡಿ ನೋಡ್ರಿ. ಕೈ ಕೂಡತೈತಿ" ಎಂದರು ಕಾಕಾ.

ಯಾರೂ ಕದಲಲಿಲ್ಲ. ದೇಸೂರಿನ ಸಪ್ನಾ ಎಂಬ ಹುಡುಗಿ ಮುಂದೆ ಬಂದಳು. ಅವಳ ಕಣ್ಣುಗಳು ಆಗಲೇ ತುಂಬಿದ್ದವು.

"ಕಾಕಾ, ಸಿಮ್ರನಗ ಖರೇ ಬಂದು ಹದಿನಾರು ಬಿತ್ತಂತ. ನಮಗೂ ಖರೇ ಬಂದ್ರ ಏನ ಮಾಡೂದ್ರಿ?"

ಕಾಕಾ ನನ್ನ ಕಡೆ ನೋಡಿದರು. ನಾನು ಮೆಟ್ಟಿಲ ಪಕ್ಕದ ನಲ್ಲಿಯಡಿ ಇದ್ದ ಒಂದು ಬೀಕರನ್ನು ತೊಳೆಯಲು ಶುರು ಮಾಡಿದೆ. ತೊಳೆದ ಬೀಕರೇ ಅದು. ಅವರು ಹನ್ನೆರಡು ಮುಖಗಳನ್ನು ಒಂದೊಂದಾಗಿ ನೋಡಿದರು. ನೋಡಿ ಮುಗಿಯುವುದಕ್ಕೆ ಎಷ್ಟು ಹೊತ್ತಾಯಿತೋ, ನಲ್ಲಿಯ ನೀರು ಹರಿಯುತ್ತಲೇ ಇತ್ತು.

"ಆರು ಪಾಯಿಂಟ್ ಎರಡು" ಎಂದರು.

ಪೆನ್ನುಗಳು ಹೊರಬಂದವು. ಅವರು ಒಂದೊಂದೇ ಓದುವಿಕೆ ಹೇಳುತ್ತ ಹೋದರು, ಅವಸರವಿಲ್ಲದೆ, ಮಕ್ಕಳ ಪೆನ್ನಿಗೆ ತಕ್ಕ ಹಾಗೆ. ಒಂದನ್ನು ಎರಡು ಸಲ ಹೇಳಿದರು. ತಗಡಿನ ಸೂರಿನ ಕೆಳಗೆ ಎಲ್ಲರ ಅಂಗಿಯೂ ಬೆನ್ನಿಗೆ ಅಂಟಿಕೊಂಡಿತ್ತು. ಗೋಡೆಯ ಮೇಲಿನ ಥರ್ಮಾಮೀಟರಿನಲ್ಲಿ ಪಾದರಸ ಮೂವತ್ತೈದು ದಾಟಿತ್ತು.

"ಟೆಂಪರೇಚರ್ ಎಷ್ಟ ಬರೀಬೇಕ್ರಿ, ಕಾಕಾ?" ಎಂದು ಸಪ್ನಾ ಕೇಳಿದಳು.

ಇಸ್ಮಾಯಿಲ ಕಾಕಾ ತೋಳಿನಿಂದ ಹಣೆ ಒರೆಸಿಕೊಂಡರು.

"ಇಪ್ಪತ್ನಾಲ್ಕು" ಎಂದರು.